ಎರಡು ಗಂಟೆಯ ಅಳು

ಗಂಟೆ ಒಂದು ಸಲ ಬಾರಿಸಿದರೆ ಬಾಯಲ್ಲಿ ನೀರು, ಎರಡು ಸಲ ಬಾರಿಸಿದರೆ ಕಣ್ಣಲ್ಲಿ ನೀರು. ಬಾಲವಾಡಿಯಲ್ಲೇ ಎಲ್ಲರಿಗೂ ಇಷ್ಟು ರೂಢಿ ಮಾಡಿಸಿಬಿಡುತ್ತಿದ್ದರು. ಆಮೇಲೆ ಗಂಟೆಯಿಲ್ಲದೆ ಊರಲ್ಲಿ ಯಾರಿಗೂ ಹಸಿವೂ ಇಲ್ಲ, ಅಳುವೂ ಇಲ್ಲ.

ಇವತ್ತು ಕಾತ್ಯಾಯಿನಿಯ ಅಮ್ಮ ತೀರಿಕೊಂಡಿದ್ದರು. ಸುತ್ತ ನೆಂಟರೆಲ್ಲ ಒಣಗಣ್ಣಲ್ಲಿ ಕೂತಿದ್ದರು. ಸಾವಿನ ಮನೆಗಳಲ್ಲಿ ಎರಡು ಸಲ ಬಾರಿಸುವ ಗಂಟೆಯವನು ಇನ್ನೂ ಬಂದಿರಲಿಲ್ಲ.

"ಮಗಳಾದೋಳು ಅಳದೆ ಹೆಣ ಎತ್ತೋದು ಹೆಂಗೆ?" ಎಂದು ಸೋದರತ್ತೆ ವಿಶಾಲಮ್ಮ ಗೊಣಗಿದರು.

ಅಷ್ಟರಲ್ಲಿ ಬೀದಿಯಲ್ಲಿ ಐಸ್‌ಕ್ಯಾಂಡಿಯವನು ಒಂದು ಸಲ ಗಂಟೆ ಬಾರಿಸಿಕೊಂಡು ಹೋದ. ಇಡೀ ಮನೆ ಜೊಲ್ಲು ನುಂಗಿತು. ಕಾತ್ಯಾಯಿನಿಯೂ ನುಂಗಿದಳು. ನಾಚಿಕೆಯಾಗಿ ಅಮ್ಮನ ಕೈ ಹಿಡಿದುಕೊಂಡಳು. ಅವಳಿಗಷ್ಟೇ ಕೇಳುವಂತೆ ಅಮ್ಮನ ಬಳೆಗಳು 'ಟಿಣ್ ಟಿಣ್' ಎಂದವು. ದಳದಳ ಕಣ್ಣೀರು ಇಳಿಯಿತು.

"ಬಳೆ ಅಲ್ಲಾಡ್ಸಿದ್ಯೇನೇ?" ಕಣ್ಣೀರು ಕಂಡ ವಿಶಾಲಮ್ಮ ಆಸೆಯಿಂದ ಹತ್ತಿರ ಸರಿದರು. "ಕಾತೂ, ಇನ್ನೊಂದ್ಸಲ ಜೋರಾಗಿ ಅಲ್ಲಾಡ್ಸೇ. ನಮ್ಗೂ ಒಂಚೂರು ಅಳು ಬರ್ಲಿ."

ತಾನು ಅತ್ತದ್ದು ಅಮ್ಮನಿಗೋ, ಬಳೆಗೋ? ಕಾತ್ಯಾಯಿನಿಗೆ ದಿಗಿಲಾಯಿತು. ಕಣ್ಣೊರೆಸಿಕೊಂಡು, ಬಳೆಗಳು ಸದ್ದು ಮಾಡದಂತೆ ಅಮ್ಮನ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಕಣ್ಣು ತಾನಾಗಿ ಒದ್ದೆಯಾಗಲಿ ಎಂದು ಕಾಯುತ್ತ ಕೂತಳು.