ಮುಟ್ಟದ ಕೇಸರಿಬಾತ್

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ತಟ್ಟೆಗಳನ್ನು ಹುಡುಕುತ್ತದೆ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ, ನಿಟ್ಟೂರಿನ ಅಜ್ಜಿಯ ಮನೆಗೆ ಚಿಕ್ಕಮ್ಮನನ್ನು ನೋಡಲು ಕುಣಿಗಲ್ ಕಡೆಯ ಗಂಡಿನವರು ಬಂದಿದ್ದರು. ಹುಡುಗಿ ಒಪ್ಪಿಗೆಯಾಗದಿದ್ದರೆ ಬಂದವರು ಸಿಹಿ ಮುಟ್ಟುವುದಿಲ್ಲ. "ಕೇಸರಿಬಾತ್ ಬಾಯಿಗಿಟ್ರಾ ನೋಡ್ಕಂಡು ಬಾರೇ" ಎಂದು ಅಜ್ಜಿ ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದ್ದಳು.

ಗಂಡಿನ ತಾಯಿ ಕರಿಬೇವೂ ಬಿಡದೆ ಉಪ್ಪಿಟ್ಟು ಮುಗಿಸಿದರು. ಅವರ ಬೆರಳು ಕೇಸರಿಬಾತಿನ ಹತ್ತಿರ ಹೋಯಿತು. ನಾನು ಪರದೆಯನ್ನು ಇನ್ನಷ್ಟು ಸರಿಸಿದೆ. ಬೆರಳು ಅಲ್ಲೇ ನಿಂತಿತು. ಅವರು ಕೈ ತೊಳೆಯಲು ನೀರು ಕೇಳಿದರು.

ಅವರನ್ನು ಬಸ್ ಹತ್ತಿಸಿ ಬಂದ ಮಾವ ಚಪ್ಪಲಿ ಬಿಡುತ್ತಲೇ, "ಇದೂ ಫ್ಲಾಪು, ಬುಡವ್ವ" ಎಂದ.

"ಫ್ಲಾಪು ಅಂದ್ರೇನು ಮಾವ?" ಎಂದೆ. ಅಜ್ಜಿ ನನ್ನ ತೋಳು ಚಿವುಟಿದಳು.

ಚಿಕ್ಕಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. "ಹೋದ್ವಾರ ಟೆಂಟಲ್ಲಿ ಸಿನಿಮಾ ಮುಗಿಯೋಕ್ ಮುಂಚೇನೇ ಜನ ಎದ್ದೆದ್ದು ಹೋದ್ರಲ್ಲ, ನೀನೂ ನಗ್ತಿದ್ದಲ್ಲ. ಅದೇ ಕಣೇ" ಎಂದಳು.

ಆಮೇಲೆ ತನ್ನ ಮುಡಿಯ ಮಲ್ಲಿಗೆ ತೆಗೆದು ನನ್ನ ಜಡೆಗೆ ಸಿಕ್ಕಿಸಿದಳು. ಅದಿನ್ನೂ ಬಾಡಿರಲಿಲ್ಲ.