ಇಂಚರಳ ಹಠದ ಡಬ್ಬಿ

ಬೇಸಿಗೆ ಶಿಬಿರದ ಗೇಟಿನಲ್ಲಿ ತಾಯಂದಿರು ಟೋಪಿ, ನೀರಿನ ಬಾಟಲಿಯ ಜೊತೆ ಹಠದ ಡಬ್ಬಿಯನ್ನೂ ಹಿಡಿದು ಸಾಲಾಗಿ ನಿಂತಿದ್ದರು. ದೃಷ್ಟಿ ತೆಗೆದ ಹಾಗೆ ಮಗುವಿನ ಹಠವನ್ನು ಮನೆಯಲ್ಲೇ ಇಳಿಸಿ, ಸ್ಟೀಲ್ ಡಬ್ಬಿಗೆ ಹಾಕಿ ತಂದುಕೊಡಬೇಕು. ಸಂಜೆ ವಾಪಸ್ ಸಿಗುತ್ತದೆ.

ಹೋದ ವರ್ಷ ಹೇಮಾವತಿ ಡಬ್ಬಿಯ ಮೇಲೆ ಹೆಸರು ಕೆತ್ತಿಸಿರಲಿಲ್ಲ. ಅದು ಇನ್ಯಾರದೋ ಮನೆ ಸೇರಿತು. ಹುಡುಕಿ ತರುವವರೆಗೆ ಮಗಳು ಇಂಚರ ಹಾಗಲಕಾಯಿ ಪಲ್ಯವನ್ನು ಮತ್ತೆ ಬಡಿಸಿಕೊಂಡು ತಿಂದಳು. ಪಕ್ಕದ ಮನೆಯವನು ಸೈಕಲ್ ಕಿತ್ತುಕೊಂಡರೂ ಸುಮ್ಮನೆ ನಿಂತಳು. ನೆಂಟರೆಲ್ಲ "ಎಷ್ಟು ಒಳ್ಳೆ ಮಗು" ಎಂದರು. ಹೇಮಾವತಿ ಮಾತ್ರ ಮನೆ ಮನೆ ಅಲೆದು ಡಬ್ಬಿ ಹುಡುಕಿದಳು.

ಈ ಸಲ ಹೆಸರು ದೊಡ್ಡದಾಗಿಯೇ ಕೆತ್ತಿಸಿದ್ದಳು. ಶಿಬಿರದ ಮಿಸ್ ಡಬ್ಬಿ ಅಲ್ಲಾಡಿಸಿದರು. ಗಲಗಲ ಸದ್ದಾಯಿತು.

"ಭಾರಿ ಹಠ ಕಣ್ರೀ ನಿಮ್ಮ ಮಗಳಿಗೆ," ಎನ್ನುತ್ತ ಮುಚ್ಚಳ ತೆಗೆದರು. ಒಳಗೆ ಕೋಡುಬಳೆ.

"ಏನ್ರೀ ಇದು? ಹಠ ಎಲ್ಲಿ?"

"ಅವಳ ಹತ್ರಾನೇ ಇದೆ ಮಿಸ್. ಇಳಿಸಿಲ್ಲ, ಇಳಿಸೋದೂ ಇಲ್ಲ. ಕೋಡುಬಳೆ ಮಕ್ಕಳಿಗೆ ಹಂಚಿ."

"ಹಾಗಾದ್ರೆ ಮನೆಗೆ ಕರ್ಕೊಂಡು ಹೋಗಿ."

ಹೇಮಾವತಿ ಬಾಯಿ ತೆರೆಯುವ ಮೊದಲೇ ಇಂಚರ ಗೇಟಿಗೆ ಅಡ್ಡವಾಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ನಾನು ಹೋಗಲ್ಲ! ಒಳಗೇ ಹೋಗೋದು!"

ಸಾಲಿನಲ್ಲಿದ್ದ ತಾಯಂದಿರು ತಮ್ಮ ತಮ್ಮ ಡಬ್ಬಿಗಳನ್ನು ನೋಡಿಕೊಂಡರು. ಹಿಂದೆಲ್ಲೋ ಒಂದು ಮುಚ್ಚಳ ತೆರೆದ ಸದ್ದು ಕೇಳಿತು. ಆಮೇಲೆ ಇನ್ನೊಂದು.