ಅವ್ವನ ಮಿಷನ್ ಮೇಲೆ ಹಾರ್ಮೋನಿಯಂ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಈಗ ಹಿರಿಯೂರಿನಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಿಷನ್ ಎಣ್ಣೆಯ ಡಬ್ಬಿ ತೆರೆದಾಗಲೆಲ್ಲ ನಮ್ಮೂರು ಆದಿವಾಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಹುಟ್ಟಿನಿಂದಲೇ ನನ್ನ ಎಡಗೈಯಲ್ಲಿ ಬಲವಿರಲಿಲ್ಲ. ಆದರೂ ಹಾರ್ಮೋನಿಯಂ ಕಲಿಯುತ್ತೇನೆಂದು ಹಟ ಹಿಡಿದಿದ್ದೆ. ಭಜನೆ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಮನೆಗೇ ಬಂದರು, ನನ್ನ ಕೈ ನೋಡಿದರು.

"ಬಲಗೈ ಸ್ವರ ಹಿಡಿಯುತ್ತೆ, ಗಾಳಿಗೆ ತಿದಿ ಒತ್ತಾಕೆ ಎಡಗೈ ಬೇಕಲ್ಲಮ್ಮ. ಇವನು ಕುಂತು ಕೇಳ್ಲಿ ಬಿಡು."

ಹೊಲಿಗೆ ಮಿಷನ್ನಿನ ಮುಂದೆ ಕುಳಿತಿದ್ದ ಅವ್ವ ಹೊಲಿಗೆ ನಿಲ್ಲಿಸಲಿಲ್ಲ. "ನಾನು ಈ ಮಿಷನ್ ಯಾವ ಕೈಯಾಗೆ ತಿರುಗಿಸ್ತೀನಿ ನೋಡ್ರಿ ಮೇಷ್ಟ್ರೇ."

ಮೇಷ್ಟ್ರು ಪೆಡಲ್ ತುಳಿಯುತ್ತಿದ್ದ ಅವಳ ಕಾಲನ್ನು ಬಗ್ಗಿ ನೋಡಿದರು. ಆಮೇಲೆ ಇಬ್ಬರೂ ಸೇರಿ ಮಿಷನ್ನಿನ ತಲೆ ಬಿಚ್ಚಿ ಕೆಳಗಿಟ್ಟರು. ಅದರ ಜಾಗದಲ್ಲಿ ಹಾರ್ಮೋನಿಯಂ ಕೂರಿಸಿ, ತಿದಿಯಿಂದ ಪೆಡಲ್‌ಗೆ ಲಂಗದ ಲಾಡಿ ಬಿಗಿದರು.

ನಾನು ಹುರುಪಿನಿಂದ ತುಳಿದೆ. ಹಾರ್ಮೋನಿಯಂ ಕಿರುಚಿತು.

"ಲೇ, ಗೋಣಿಚೀಲ ಹೊಲಿತೀಯೇನೋ?" ಅವ್ವ ನಕ್ಕಳು. "ರೇಷ್ಮೆ ಬಟ್ಟೆ ಅಂದ್ಕಂಡು ತುಳಿ."

ಹಾಗೇ ತುಳಿದೆ. ಸಾ ಎಂಬ ಸ್ವರ ಎಲ್ಲೂ ತುಂಡಾಗದೆ ನೀಳವಾಗಿ ಹೊರಟಿತು. ಮೇಷ್ಟ್ರು ನನ್ನ ಬೆರಳು ಹಿಡಿದು ಮುಂದಿನ ಸ್ವರದ ಮೇಲಿಟ್ಟರು.

"ದಿನಾ ಬರ್ತೀನಮ್ಮ. ಆದ್ರೆ ನಿನ್ನ ಹೊಲಿಗೆ?"

"ಊಟದ ಹೊತ್ನಾಗೆ ಬರ್ರಿ. ಅಷ್ಟೊತ್ತು ನಾನು ಕೈಯಾಗೆ ಕಾಜಾ ಹೊಲೀತೀನಿ."

ಆಗಲೇ ಗೋಡೆಗೆ ಒರಗಿ ಕುಳಿತು, ಒಂದು ಅಂಗಿಗೆ ಕಾಜಾ ಹೊಲಿಯತೊಡಗಿದಳು. ನೆಲದ ಮೇಲೆ ಅವಳ ಬರಿಗಾಲು ನನ್ನ ಕಾಲಿನ ಜೊತೆಗೇ ಏಳುತ್ತ ಇಳಿಯುತ್ತ ಇತ್ತು.